ಮುಳ್ಳಜ್ಜಿಯ ಗೊಗ್ಗರು ದನಿ

ಆಕೆಯ ಮುಖವನ್ನು ಬಲ್ಲವರು ವಿರಳ. ಆಕೆಯ ದನಿಯನ್ನು ಅರಿಯದವರು ಅದಕ್ಕಿಂತಲೂ ವಿರಳ. ಅಂಗಡಿಯ ಮುಂದೆ ಕೈಚೀಲ ಹಿಡಿದು ನಿಂತಾಗ ಯಾರ ಕಣ್ಣಿಗೂ ಬೀಳದ ಆ ನಡುವಯಸ್ಸಿನ ಗೃಹಿಣಿ, "ಏನಪ್ಪಾ, ಬದನೆಕಾಯಿ ನಿನ್ನ ಮುಖಕ್ಕಿಂತ ಬಾಡಿದೆಯಲ್ಲ" ಎಂದು ಬಾಯಿ ತೆರೆದೊಡನೆ, ತಾಯಂದಿರ ಸೊಂಟದ ಮೇಲಿನ ಕೂಸುಗಳು ಕತ್ತು ಹೊರಳಿಸುತ್ತಿದ್ದವು. ಮುಳ್ಳಜ್ಜಿ ಎಲ್ಲಿ ಅಡಗಿದ್ದಾಳೆಂದು ಅವು ತಕ್ಕಡಿಯ ಹಿಂದೆ, ಮೂಟೆಗಳ ಸಂದಿಯಲ್ಲಿ ಹುಡುಕುತ್ತಿದ್ದವೇ ಹೊರತು, ಎದುರಿಗೇ ನಿಂತವಳನ್ನು ನೋಡುತ್ತಿರಲಿಲ್ಲ. ಅದು ಆಕೆಗೆ ಹಿತವಾಗಿಯೇ ಇತ್ತು.

ಮುಳ್ಳಜ್ಜಿಯೆಂದರೆ ಅನಿಮೇಷನ್ ಚಿತ್ರಗಳಲ್ಲಿ ಬರುವ ಒಂದು ಮುದಿ ಮುಳ್ಳುಹಂದಿ. ದಿಕ್ಕಿಲ್ಲದ ಮರಿಗಳನ್ನೆಲ್ಲ ತನ್ನ ಬಿಲದಲ್ಲಿ ಸಾಕಿಕೊಂಡವಳು. ಅಪ್ಪಿಕೊಂಡರೆ ಚುಚ್ಚೀತೆಂದು ಹೆದರಿ, ಬರಿಯ ಮಾತಿನಿಂದಲೇ ಅವುಗಳ ಮೈದಡವುವವಳು. ಆ ಮಾತಿಗೆ ಕಂಠವನ್ನು ಕೊಟ್ಟವಳು ಈಕೆ. ಮೊದಲ ಚಿತ್ರವನ್ನು ಕಂಡ ಮಕ್ಕಳು ಈಗ ತಾವೇ ತಂದೆತಾಯಿಗಳಾಗಿ, ನಾಲ್ಕನೆಯ ಚಿತ್ರಕ್ಕೆ ತಮ್ಮ ಮಕ್ಕಳೊಡನೆ ಕಾದು ಕುಳಿತಿದ್ದರು.

ಹಿಂದೆ ಆಕೆ ಬಸ್ ನಿಲ್ದಾಣದಲ್ಲಿ ಹೊರಡುವ ಬಸ್ಸುಗಳ ಹೆಸರನ್ನು ಮೈಕಿನಲ್ಲಿ ಸಾರುತ್ತಿದ್ದಳು. ಆ ಸಾರುವಿಕೆಯನ್ನು ಕೇಳುತ್ತ ಮೈಮರೆತು ತನ್ನ ಬಸ್ಸನ್ನೇ ತಪ್ಪಿಸಿಕೊಂಡ ಡಬ್ಬಿಂಗ್ ನಿರ್ದೇಶಕನೊಬ್ಬನು, ಬೈಯಲೆಂದು ಬಂದವನು, ಕೆಲಸ ಕೊಟ್ಟು ಹೋದನು. ಅಂದಿನಿಂದ ಆಕೆ ತಣ್ಣೀರನ್ನು ಮುಟ್ಟಲಿಲ್ಲ, ಗಟ್ಟಿಯಾಗಿ ಕೂಗಲಿಲ್ಲ, ಜಗಳದಲ್ಲಿಯೂ ದನಿಯೇರಿಸಲಿಲ್ಲ. ಕಂಠವು ತನ್ನದಲ್ಲ, ಕೊಟ್ಟ ದೇವರದು. ತಾನು ಅದನ್ನು ಕಾಯುವವಳು ಮಾತ್ರ ಎಂಬುದು ಆಕೆಯ ದೃಢವಾದ ನಂಬಿಕೆ. ಬೆಳಿಗ್ಗೆ ಎದ್ದು ಮೊದಲು ಉಚ್ಚರಿಸುತ್ತಿದ್ದುದು ಅವನ ನಾಮವನ್ನೇ. ಅದೂ ಮೆಲ್ಲಗೆ, ಎರವಲು ತಂದ ಪಾತ್ರೆಯನ್ನು ಕೆಳಗಿಡುವಂತೆ.

ಮನೆಯಲ್ಲಿ ಮೂವರು. ಗಂಡನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಮಾತು ಕಡಿಮೆ. ಅವನ ತಂಗಿ ಹಜಾರದ ಕಿಟಕಿಯ ಬಳಿ ಹೊಲಿಗೆ ಯಂತ್ರವನ್ನಿಟ್ಟುಕೊಂಡು ಶಾಲೆಯ ಸಮವಸ್ತ್ರಗಳನ್ನು ಹೊಲಿಯುವವಳು. ಅಣ್ಣನು ಆಡದೆ ಉಳಿಸಿದ ಮಾತನ್ನೆಲ್ಲ ತಾನೇ ಆಡಿ ಮುಗಿಸುವವಳು. ಮುಳ್ಳಜ್ಜಿಯ ಅಭಿಮಾನಿಗಳ ಆನ್‌ಲೈನ್ ಕೂಟವೊಂದರಲ್ಲಿ ಈ ನಾದಿನಿ ಗುಟ್ಟಾಗಿ ಸೇರಿಕೊಂಡಿದ್ದಳು. ಅಲ್ಲಿ ಅವಳ ಹೆಸರು 'ಮೊಲದಮರಿ'. ತನ್ನ ಅತ್ತಿಗೆಯೇ ಅಜ್ಜಿಯೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹೊಸ ಚಿತ್ರದ ಕಥೆ ಹೇಳೆಂದು ಪ್ರಾಣ ಹಿಂಡುತ್ತಾರೆಂಬ ಭಯ. ಕಥೆಯಾದರೋ ಅತ್ತಿಗೆಗೇ ತಿಳಿದಿರಲಿಲ್ಲ. ಗುಟ್ಟು ಹೊರಬೀಳಬಾರದೆಂದು ಸ್ಟುಡಿಯೋಗೆ ಬರುತ್ತಿದ್ದ ಚಿತ್ರಕ್ಕೆಲ್ಲ ಕಪ್ಪು ಬಳಿದಿರುತ್ತಿತ್ತು. ಕತ್ತಲೆಯ ನಡುವೆ ಒಂದು ವೃತ್ತ, ಆ ವೃತ್ತದೊಳಗೆ ಮುಳ್ಳುಹಂದಿಯ ಬಾಯಿ ಮಾತ್ರ. ಎದುರಿಗಿರುವುದು ಮರಿಯೋ ಮೃತ್ಯುವೋ ಅರಿಯದೆ, ಆ ಬಾಯಿ ತೆರೆದಾಗ ತಾನೂ ತೆರೆಯಬೇಕು.

ಟ್ರೈಲರ್ ಬಿಡುಗಡೆಯಾದ ಮಧ್ಯಾಹ್ನ ನಾದಿನಿಯ ಯಂತ್ರ ನಿಂತುಹೋಯಿತು.

"ಅತ್ತಿಗೆ, ಬನ್ನಿ ಇಲ್ಲಿ. ಜನ ಹುಚ್ಚೆದ್ದು ಹೋಗಿದಾರೆ. ಕೇಳಿ: 'ಅಜ್ಜಿ ದನಿ ಕೇಳಿ ನಮ್ಮ ಪಾಪು ಊಟ ಬಿಟ್ಟು ಎದ್ದು ಬಂತು.' ಇನ್ನೊಬ್ಬ ಬರೆದಿದಾನೆ, 'ಆ ಗೊಗ್ಗರು ಕೇಳಿದ್ರಾ? ಅಜ್ಜಿಗೆ ಏನೋ ಕಾಯಿಲೆ. ಈ ಸಲ ಅಜ್ಜಿ ಉಳಿಯಲ್ಲ, ಬರೆದಿಟ್ಕೊಳ್ಳಿ.'"

ಆಕೆ ಕೈಯೊರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. "ಯಾವ ಗೊಗ್ಗರು?"

"ಅಯ್ಯೋ, ವಿನಯ ನೋಡಿ. ಊರೆಲ್ಲ ಅದನ್ನೇ ಹೊಗಳ್ತಿದೆ. 'ಉಸಿರು ಸಿಕ್ಕಿಹಾಕ್ಕೊಳ್ಳೋ ಹಾಗೆ ಮಾಡಿದಾರಲ್ಲ, ಇದಪ್ಪ ನಟನೆ ಅಂದ್ರೆ.' ಸಾವಿರ ಜನ ಹೌದು ಹೌದು ಅಂದಿದಾರೆ."

"ನಾನು ಹಾಗೆ ಮಾತಾಡ್ಲೇ ಇಲ್ಲ ಕಣೆ."

"ಮತ್ತಿನ್ಯಾರು ಮಾತಾಡಿದ್ದು, ನಮ್ಮಣ್ಣನಾ?"

ನಾದಿನಿ ಟ್ರೈಲರನ್ನು ಹಾಕಿದಳು. ಎಲೆಗಳು ಉದುರುತ್ತಿದ್ದ ಕಾಡಿನ ಮೇಲೆ ಒಂದು ದನಿ ಹರಿಯಿತು: "ಮುಂದೆ ನಡೀರಿ ಮಕ್ಕಳಾ, ನಾನು ಹಿಂದೇ ಬರ್ತೀನಿ." ಮಾತುಗಳು ಆಕೆಯವು, ಆಡಿದ ದಿನದ ನೆನಪೂ ಇದೆ. ಆದರೆ ಆ ದನಿಯಲ್ಲಿ ಬಿರುಕುಬಿಟ್ಟ ಮಣ್ಣಿನ ಒರಟು ಇತ್ತು. ಕೊನೆಯ ಪದದ ತುದಿಯಲ್ಲಿ ಉಸಿರು ಯಾವುದಕ್ಕೋ ತಗುಲಿ, ಹರಿದು, ಆಮೇಲೆ ಹೊರಬಂದಿತು. ಆಕೆ ಅದನ್ನು ಮತ್ತೊಮ್ಮೆ ಕೇಳಿದಳು. ತನ್ನ ಸೀರೆಯನ್ನುಟ್ಟ ಅಪರಿಚಿತಳೊಬ್ಬಳು ತನ್ನ ಬಾಗಿಲಿನಿಂದಲೇ ಹೊರಗೆ ಬಂದುದನ್ನು ಕಂಡಂತಾಯಿತು.

"ನಾನು ಮನೇಲೂ ಹೀಗೇ ಮಾತಾಡ್ತೀನಾ?"

ನಾದಿನಿ ನಗುತ್ತಿದ್ದವಳು ನಿಲ್ಲಿಸಿದಳು. "ಇತ್ತೀಚೆಗೆ ಹೀಗೇ ಅಲ್ವಾ? ಅಜ್ಜಿ ಪಾತ್ರ ಅಭ್ಯಾಸ ಮಾಡ್ಕೋತಿದೀರಿ ಅಂದ್ಕೊಂಡೆ."

ಊಟಕ್ಕೆ ಬಂದ ಗಂಡನು ಚಪ್ಪಲಿ ಬಿಡುತ್ತ ಬಾಗಿಲಲ್ಲೇ ನಿಂತನು. "ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದನು.

ಮರುದಿನ ಆಕೆ ಕರೆಯಿಲ್ಲದೆಯೇ ಸ್ಟುಡಿಯೋಗೆ ಹೋದಳು. ಅದು ಹಳೆಯ ಕಟ್ಟಡವೊಂದರ ನೆಲಮಾಳಿಗೆ. ಗೋಡೆಗಳಿಗೆ ಮೆತ್ತೆ ಹೊದಿಸಿದ್ದುದರಿಂದ ಅಲ್ಲಿ ಹೆಜ್ಜೆಯ ಸದ್ದು ಹುಟ್ಟಿದಲ್ಲೇ ಸಾಯುತ್ತಿತ್ತು. ಗಾಜಿನ ಆಚೆ, ನೂರಾರು ಗುಂಡಿಗಳ ಮೇಜಿನ ಮುಂದೆ, ಧ್ವನಿಯನ್ನು ದಾಖಲಿಸುವ ಮುದುಕನು ಕುಳಿತಿದ್ದನು. ಎಲ್ಲರೂ ಅವನನ್ನು ಗುಂಡಿರಾಯ ಎನ್ನುತ್ತಿದ್ದರು. ಮೊದಲ ಚಿತ್ರದಿಂದಲೂ ಆಕೆಯ ಪ್ರತಿಯೊಂದು ಮಾತೂ ಅವನ ಬೆರಳುಗಳ ಕೆಳಗೇ ಹಾದುಹೋಗಿತ್ತು.

"ಟ್ರೈಲರಲ್ಲಿ ನನ್ನ ದನಿಗೆ ಏನ್ ಮಾಡಿದೀರಿ?" ಎಂದು ಆಕೆ ಕೇಳಿದಳು.

ಅವನು ತಲೆಯೆತ್ತಲಿಲ್ಲ. "ಟ್ರೈಲರಿಗೆ ಏನೂ ಮಾಡಿಲ್ಲಮ್ಮ. ಅದನ್ನ ಬೇರೆ ಕಡೆ ಕತ್ತರಿಸಿದ್ರು. ನನ್ನ ಕೇಳ್ದೇನೇ ಹಸೀ ದನಿ ತಗೊಂಡು ಹೋಗಿದಾರೆ."

"ಹಸೀ ದನಿ ಅಂದ್ರೆ?"

"ನೀವು ಆಡಿದ ಹಾಗೇ ಇರೋದು."

ಆಕೆಗೆ ಮೊದಲು ಅರ್ಥವಾಗಲಿಲ್ಲ. ಅವನು ಬಿಟ್ಟುಬಿಟ್ಟು ಹೇಳಿದನು. ಹಿಂದಿನ ಚಿತ್ರದ ನಡುವೆಯೇ ಆಕೆಯ ದನಿಯಲ್ಲಿ ಒಂದು ಕೆರೆತ ಕಾಣಿಸಿಕೊಂಡಿತ್ತು. ಶೀತವಿರಬೇಕೆಂದು ಅವನು ಅದನ್ನು ತೆಗೆದನು. ಮುಂದಿನ ಸಲ ಇನ್ನಷ್ಟು ತೆಗೆದನು. ಮೈಕಿನ ಮುಂದೆ ಆಕೆ ತೊಡುತ್ತಿದ್ದ ಹೆಡ್‌ಫೋನಿಗೂ ಆ ಉಜ್ಜಿ ನಯವಾಗಿಸಿದ ದನಿಯನ್ನೇ ಕಳುಹಿಸುತ್ತಿದ್ದನು. ಒಡಕು ಕಿವಿಗೆ ಬಿದ್ದರೆ ಎದೆಗುಂದಿ ಪಾತ್ರ ಕೆಡಿಸಿಯಾಳೆಂದು. ದರ್ಜಿಯು ಗಿರಾಕಿಯ ಬೆಳೆಯುವ ಬೊಜ್ಜಿಗೆ ಸದ್ದಿಲ್ಲದೆ ಹೊಲಿಗೆ ಬಿಡಿಸಿಕೊಡುವಂತೆ, ಅವನು ಬರುಬರುತ್ತ ಹೆಚ್ಚು ಹೆಚ್ಚು ಮುಚ್ಚುತ್ತ ಬಂದಿದ್ದನು. ಈ ಕಸುಬಿನಲ್ಲಿ ಅದು ದಾಕ್ಷಿಣ್ಯ. ಯಾರೂ ಅದನ್ನು ತಪ್ಪೆಂದು ಎಣಿಸುವುದಿಲ್ಲ.

"ವಯಸ್ಸಾಗ್ತಿದೆ ಅಂದ್ಕೊಂಡೆ. ಅದನ್ನ ಹೆಣ್ಮಗಳ ಮುಖಕ್ಕೆ ಹೇಳೋದು ಹೇಗೆ?"

"ಮೊದಲಿಂದ ಹಾಕಿ, ಕೇಳ್ತೀನಿ" ಎಂದಳು ಆಕೆ. "ಹಸಿಯಾಗಿರೋದನ್ನೇ."

ಅವನು ಹಾಕಿದನು. ಆಕೆ ಗಾಜಿನೊಳಗಿನ ಕೋಣೆಯಲ್ಲಿ ಒಬ್ಬಳೇ ಕುಳಿತು ತನ್ನ ದನಿಯು ಕೆಡುತ್ತ ಬಂದ ಬಗೆಯನ್ನು ಕೇಳಿದಳು. ಆರಂಭದಲ್ಲಿ ತಿಳಿನೀರು, ಅನಂತರ ಆ ನೀರಿನಲ್ಲಿ ಒಂದು ಹರಳು, ಹರಳು ಜಲ್ಲಿಯಾಯಿತು. ಆಮೇಲಿನ ಮಾತುಗಳಲ್ಲಿ ನೀರು ಜಲ್ಲಿಯ ಸಂದಿನಲ್ಲಿ ದಾರಿ ಹುಡುಕುತ್ತಿತ್ತು. ಮರಿಗಳನ್ನು ರಮಿಸುವ ನುಡಿ, ಗದರುವ ನುಡಿ, ನಗೆ, ಜೋಗುಳ. ಎಲ್ಲದರ ಅಡಿಯಲ್ಲಿಯೂ ಆ ಇನ್ನೊಂದು ಸದ್ದು ಅವಸರವಿಲ್ಲದೆ ಬೆಳೆಯುತ್ತಿತ್ತು. ಅದು ಯಾವ ಪಾತ್ರಕ್ಕೂ ಸೇರಿದುದಾಗಿರಲಿಲ್ಲ. ಆಕೆಗೆ ಎಲ್ಲಿಯೂ ನೋವಿರಲಿಲ್ಲ. ನೋವಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

ಹೊರಡುವಾಗ ಗುಂಡಿರಾಯನು, "ಬೈದಾದ್ರೂ ಹೋಗಮ್ಮ" ಎಂದನು. ಆಕೆ ಬೈಯಲಿಲ್ಲ. ಬೈಗುಳಕ್ಕೆ ದನಿಯನ್ನು ವೆಚ್ಚಮಾಡಲು ಮನಸ್ಸಾಗಲಿಲ್ಲ.

ಗಂಟಲಿನ ವೈದ್ಯೆಯು ಮೂಗಿನ ಮೂಲಕ ತೆಳುವಾದ ಕೊಳವೆಯನ್ನಿಳಿಸಿ ಬಹಳ ಹೊತ್ತು ನೋಡಿದಳು. "ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದಳು. ಹಿಂದಿನ ಚಿತ್ರದ ನಡುವಿನಿಂದ ಎಂಬುದು ಈಗ ಆಕೆಗೆ ಗೊತ್ತಿತ್ತು, ಹೇಳಿದಳು. ವೈದ್ಯೆಯ ಪೆನ್ನು ಒಂದು ಕ್ಷಣ ನಿಂತಿತು.

"ಆಗಲೇ ಬಂದಿದ್ರೆ ಚೆನ್ನಾಗಿತ್ತು. ಗಂಟು ಇದೆ. ಬೇಗ ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಇವತ್ತಿಂದ ಒಂದು ಮಾತೂ ಆಡ್ಬೇಡಿ, ಪಿಸುಮಾತೂ ಬೇಡ. ದನಿ ಉಳಿಯೋ ದಾರಿ ಇದ್ರೆ ಅದೊಂದೇ."

ಆಕೆ ತಲೆಯಾಡಿಸಿದಳು. ಅಂದಿನಿಂದ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದೇ ದೊಡ್ಡ ಸದ್ದಾಯಿತು. ಪ್ರಾತಃಕಾಲದ ನಾಮವೂ ತುಟಿಯ ಒಳಗೇ ಉಳಿಯಿತು.

ಎರಡು ದಿನದಲ್ಲಿ ಡಬ್ಬಿಂಗ್ ನಿರ್ದೇಶಕನ ಫೋನು ಬಂದಿತು. ಫೋನನ್ನು ನಾದಿನಿ ಎತ್ತಿದಳು. ಅತ್ತಿಗೆಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಅಮ್ಮಾವ್ರಿಗೆ ಹೇಳಿ, ಕೊನೇ ದೃಶ್ಯ ಒಂದು ಬಾಕಿ ಇದೆ. ಆ ಗೊಗ್ಗರಿಗೆ ಜನ ಬಿದ್ದುಹೋಗಿದಾರೆ. ಕಷಾಯ ಗಿಷಾಯ ಕುಡಿದು ವಾಸಿ ಮಾಡ್ಕೊಂಡು ಬಂದ್ಬಿಟ್ಟಾರು ಮತ್ತೆ. ಅದೇ ದನಿ ಬೇಕು ನಮಗೆ."

ನಾದಿನಿಯ ಮುಖ ಕೆಂಪಾಯಿತು. "ಅದೇ ದನಿ ಬೇಕಾ? ಬನ್ನಿ, ಆಸ್ಪತ್ರೆಗೆ ಬನ್ನಿ. ಗಂಟು ತೆಗೆದು ಬಟ್ಟಲಲ್ಲಿ ಹಾಕಿ ಕೊಡ್ತಾರೆ" ಎಂದು ಫೋನನ್ನು ಕುಕ್ಕಿದಳು. ಅನಂತರ ಬಟ್ಟೆಯ ರಾಶಿಗೆ ಮುಖ ಹುದುಗಿಸಿ ಅತ್ತಳು. ಆಕೆ ನಾದಿನಿಯ ಬೆನ್ನು ಸವರುತ್ತ ಕುಳಿತಳು; ಸಮಾಧಾನದ ಒಂದು ಮಾತನ್ನೂ ಆಡುವಂತಿರಲಿಲ್ಲ.

ಗಂಟನ್ನು ತೆಗೆದರು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ ಆಕೆ ಆಸ್ಪತ್ರೆಯ ಬಿಳಿಯ ಕೋಣೆಯಲ್ಲಿ ಬಾಯಿ ಮುಚ್ಚಿ ಮಲಗಿರುವಾಗಲೇ ಚಿತ್ರದ ಮೊದಲ ಪ್ರದರ್ಶನವಾಯಿತು. ನಾದಿನಿ ಹೋಗಿ ನೋಡಿ, ನೇರವಾಗಿ ಅಲ್ಲಿಗೇ ಬಂದಳು. ಗಂಡನು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದನು.

"ಅತ್ತಿಗೆ, ಕೊನೇಲಿ ಮರಿಗಳೆಲ್ಲ ದೋಣಿ ಹತ್ತುತ್ತವೆ. ಅಜ್ಜಿ ದಡದಲ್ಲೇ ನಿಂತ್ಕೋತಾಳೆ. ಬಾಯಿ ಬಿಡ್ತಾಳೆ, ಏನೋ ಹೇಳ್ತಾಳೆ, ದನಿಯೇ ಇಲ್ಲ. ಇಡೀ ಥಿಯೇಟರು ಉಸಿರು ಬಿಗಿ ಹಿಡ್ಕೊಂಡಿತ್ತು."

ಆಕೆ ಬೆರಳಿನಿಂದ ಗುಂಡಿ ತಿರುಗಿಸುವ ಸನ್ನೆ ಮಾಡಿದಳು.

"ಹೂಂ, ಗುಂಡಿರಾಯರೇ. ಡೈರೆಕ್ಟರು ಬೇರೆಯವರ ದನಿ ಹಾಕಿ ಅಂದ್ರಂತೆ, ಹಳೇ ಮಾತು ಜೋಡಿಸಿ ಅಂದ್ರಂತೆ. ಇವರು ಆಗಲ್ಲ ಅಂದ್ರಂತೆ. ಇನ್ನು ನಾನು ಏನನ್ನೂ ಮುಚ್ಚಲ್ಲ, ಖಾಲಿ ಇದ್ದದ್ದು ಖಾಲೀನೇ ಇರ್ಲಿ ಅಂತ ಎದ್ದು ಹೋದ್ರಂತೆ." ನಾದಿನಿ ಫೋನನ್ನು ತೆರೆದಳು. "ಜನ ಏನ್ ಬರೀತಿದಾರೆ ಕೇಳಿ. 'ಮೌನದಲ್ಲೇ ಅಷ್ಟೊಂದು ನಟಿಸಿದಾರಲ್ಲ.' 'ಅಜ್ಜಿ ಏನ್ ಹೇಳಿದ್ಲು? ನನ್ನ ಮಗಳು ಆಗ್ಲಿಂದ ಕೇಳ್ತಿದಾಳೆ.' 'ಸತ್ತಿಲ್ಲ, ದಡದಲ್ಲಿದಾಳೆ. ಮುಂದಿನ ಭಾಗದಲ್ಲಿ ಹೇಳ್ತಾಳೆ.' ಎಲ್ಲರೂ ಅದನ್ನೇ ಹಿಡ್ಕೊಂಡಿದಾರೆ. ಐದನೇದು ಯಾವಾಗ, ಅಜ್ಜಿ ಯಾವಾಗ ಮಾತಾಡ್ತಾಳೆ ಅಂತ."

ಅಷ್ಟರಲ್ಲಿ ವೈದ್ಯೆಯು ಒಳಗೆ ಬಂದು ಬಾಗಿಲನ್ನು ಮುಚ್ಚಿದಳು. ಸಾಮಾನ್ಯವಾಗಿ ಅವಳು ಬಾಗಿಲನ್ನು ತೆರೆದೇ ಬಿಡುತ್ತಿದ್ದಳು. ಹಾಸಿಗೆಯ ಅಂಚಿನಲ್ಲಿ ಕುಳಿತು, "ಇನ್ನು ನೀವು ಮಾತಾಡಬಹುದು" ಎಂದಳು.

"ನೋಡಿದ್ರಾ?" ಎಂದು ನಾದಿನಿ ಕೈಜೋಡಿಸಿದಳು. "ವಾಸಿ ಆಯ್ತು ಅಂತ ತಾನೇ ಅರ್ಥ?"

ಮಲಗಿದ್ದವಳು ವೈದ್ಯೆಯ ಕಣ್ಣುಗಳನ್ನೇ ನೋಡುತ್ತಿದ್ದಳು. ಇಷ್ಟು ದಿನ ಪಿಸುಮಾತಿಗೂ ಇಲ್ಲದಿದ್ದ ಅಪ್ಪಣೆಯು ಈಗ ಕೇಳದೆಯೇ ಏಕೆ ಬಂದಿತೆಂಬುದನ್ನು, ಆ ಕೋಣೆಯಲ್ಲಿದ್ದವರಲ್ಲಿ ಮೊದಲು ತಿಳಿದುಕೊಂಡವಳು ಆಕೆಯೇ. ಕಾಯಬೇಕಾದುದು ಇನ್ನು ಉಳಿದಿಲ್ಲವೆಂದಾದಾಗ ಮಾತ್ರ ಕಾವಲು ಬಿಡಿಸುತ್ತಾರೆ.

"ಕೆಟ್ಟ ಜಾತಿಯ ಗಂಟು" ಎಂದಳು ವೈದ್ಯೆ, ಮೆಲ್ಲಗೆ. "ನಾವು ಅಂದುಕೊಂಡಿದ್ದಕ್ಕಿಂತ ಕೆಳಗೆ ಇಳಿದಿದೆ. ನಾಳೆ ಬೆಳಿಗ್ಗೆ ಧ್ವನಿಪೆಟ್ಟಿಗೇನೇ ತೆಗೀಬೇಕು. ಜೀವ ಉಳಿಸೋಕೆ ಪ್ರಯತ್ನ ಮಾಡ್ತೀವಿ. ಇವತ್ತು ಎಷ್ಟು ಬೇಕಾದ್ರೂ ಮಾತಾಡಿ. ಅದರಿಂದ ಇನ್ನೇನೂ ಕೆಡೋದಿಲ್ಲ."

ವೈದ್ಯೆಯು ಹೊರಟುಹೋದ ಮೇಲೆ ನಾದಿನಿಯ ಫೋನು ಹಾಸಿಗೆಯ ಮೇಲೆ ಒಂದೇ ಸಮನೆ ಬೆಳಗಿ ಆರುತ್ತಿತ್ತು. ಒಂದೊಂದು ಬೆಳಕೂ ಒಬ್ಬ ಅಭಿಮಾನಿಯ ಪ್ರಶ್ನೆ. ನಾದಿನಿ ಅದನ್ನು ಬೋರಲು ಹಾಕಿ ಗೋಡೆಯ ಕಡೆ ತಿರುಗಿದಳು.

ಆಕೆ ತುಟಿ ತೆರೆದಳು. ಮೊದಲು ಬಂದುದು ಬೆಳಗಿನ ಆ ನಾಮವೇ. ತರಚಿ, ತಡವರಿಸಿ ಬಂದಿತು. ಆದರೂ ಪೂರ್ತಿಯಾಗಿ ಬಂದಿತು. ಅದಾದ ಮೇಲೆ ಏನು ಹೇಳಬೇಕೆಂಬುದು ಆಕೆಗೆ ಹೊಳೆಯಲಿಲ್ಲ. ಇಷ್ಟು ಕಾಲವೂ ಬೇರೆಯವರು ಬರೆದುಕೊಟ್ಟುದನ್ನು ಆಡಿದವಳು. ಗಂಡನ ಕಡೆ ನೋಡಿ, "ಏನ್ ಹೇಳ್ಲಿ?" ಎಂದಳು.

ಅವನು ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡನು.

"ಏನೂ ಬೇಡ. ಅಡುಗೆಮನೆಯಿಂದ ಕರೀತೀಯಲ್ಲ, ಹಾಗೆ ಕರಿ ಸಾಕು."

"ರೀ" ಎಂದಳು ಆಕೆ.

"ಹೂಂ" ಎಂದನು.

ಕಿಟಕಿಯಾಚೆ ಬಿಸಿಲು ಗೋಡೆಯ ಮೇಲಿಂದ ಇಳಿಯತೊಡಗಿತ್ತು. "ರೀ" ಎಂದು ಆಕೆ ಮತ್ತೆ ಕರೆದಳು. ಅವನು ಮತ್ತೆ ಓಗೊಟ್ಟನು. ಕತ್ತಲಾಗುವವರೆಗೂ ಆಕೆ ಕರೆಯುತ್ತಲೇ ಇದ್ದಳು.