ಬ್ಯಾಂಡಿನ ಚಾಚಾನ ಎರಡನೆಯ ರೆಕಾರ್ಡು

ಮೊನ್ನೆ ಹುಕ್ಕು ಹುಡುಕಲೆಂದು ಗುಂಡಿ ಡಬ್ಬಿ ಸುರುವಿದಾಗ ಒಂದು ಹಿತ್ತಾಳೆ ಗುಂಡಿ ಉರುಳಿ ಹೊಲಿಗೆ ಮಷಿನ್ನಿನ ಕೆಳಗೆ ಹೋಯಿತು. ಬಗ್ಗಿದರೆ ಈಗ ನನ್ನ ಸೊಂಟ ಹಿಡಿಯುತ್ತದೆ. ಆದರೂ ಬಗ್ಗಿ ತೆಗೆದೆ. ಚಾಚಾನ ಕೋಟಿನ ಗುಂಡಿ...

ಇಳಕಲ್ಲಿನ ನಮ್ಮ ಓಣಿಗೆಲ್ಲ ಅವರು ಚಾಚಾ. ಬ್ಯಾಂಡ್ ಕಂಪನಿ ಅವರದು, ಟ್ರಂಪೆಟ್ ಊದುತ್ತಿದ್ದರು. ಹುನಗುಂದ, ಕಮತಗಿ ಕಡೆ ಅವರ ಬ್ಯಾಂಡಿಲ್ಲದೆ ಮದುಮಗ ಕುದುರೆ ಏರುತ್ತಿರಲಿಲ್ಲ. ಹರೆಯದಲ್ಲಿ ಒಂದು ಕ್ಯಾಸೆಟ್ಟನ್ನೂ ಮಾಡಿಸಿದ್ದರು. ಚಹಾದಂಗಡಿಯವರು ಅದನ್ನು ಹಾಕಿ ಹಾಕಿ ಸವೆಸಿದ್ದರು. ಆಮೇಲೆ ಡಿಜೆ ಬಂತು. ಬ್ಯಾಂಡಿನವರಿಗೆ ವಯಸ್ಸಾಯಿತು, ಕರೆಯುವವರು ಕಡಿಮೆಯಾದರು.

ಒಂದು ಮಧ್ಯಾಹ್ನ ಚಾಚಾ ಕೆಂಪು ಬಟ್ಟೆಯ ಥಾನು ಹೊತ್ತು ನನ್ನ ಅಂಗಡಿಗೆ ಬಂದರು. ಬಾಗಲಕೋಟೆಯ ಸ್ಟುಡಿಯೋದಲ್ಲಿ ಇನ್ನೊಂದು ರೆಕಾರ್ಡು ಮಾಡಿಸುತ್ತಾರಂತೆ, ಎಲ್ಲರಿಗೂ ಹೊಸ ಕೋಟು ಬೇಕಂತೆ.

"ರೆಕಾರ್ಡಿನ್ಯಾಗ ಅರಿವಿ ಯಾರಿಗಿ ಕಾಣತಾವ್ರಿ ಚಾಚಾ?" ಎಂದೆ.

"ನಮಗ ಕಾಣತಾವಲ್ಲವ್ವಾ. ಹರಕ್ ಕೋಟ್ ಹಾಕ್ಕೊಂಡ್ರ ಊದೂದೂ ಹರಕs ಆಗತೈತಿ."

ಅಳತೆ ತೆಗೆಯುವಾಗ ನೋಡಿದೆ, ಎಲ್ಲರ ಹೆಗಲೂ ಇಳಿದಿದ್ದವು. ಚಾಚಾ ಮುಂದಿನ ಹಲ್ಲು ಕಟ್ಟಿಸಿಕೊಂಡಿದ್ದರು. ಅವಸರದಲ್ಲಿ ಹೊಲಿದ ಕೋಟು, ಗುಂಡಿ ಕಿತ್ತುಹೋದರೆ ಹಚ್ಚಲು ಬೇಕೆಂದು ನನ್ನನ್ನೂ ಬಸ್ಸಿಗೆ ಹತ್ತಿಸಿದರು.

ಸ್ಟುಡಿಯೋದವರು ಒಬ್ಬೊಬ್ಬರೇ ಬಂದು ಬಾರಿಸಿ ಎಂದರು. ಅದು ಆಗಲಿಲ್ಲ. ಜೀವಮಾನವಿಡೀ ಕೂಡಿ ನಡೆಯುತ್ತ ಬಾರಿಸಿದವರು. ಕೊನೆಗೆ ಎಲ್ಲರೂ ಒಟ್ಟಿಗೆ ನಿಂತು, ನಿಂತಲ್ಲೇ ಹೆಜ್ಜೆ ಹಾಕುತ್ತ ಶುರು ಮಾಡಿದರು. ಎತ್ತರದ ಸ್ವರ ಬಂದಾಗಲೆಲ್ಲ ಚಾಚಾನ ಉಸಿರು ಆ ಕಟ್ಟಿಸಿಕೊಂಡ ಹಲ್ಲಿನ ಸಂದಿಯಲ್ಲಿ ಸೋರಿ ಹೋಗುತ್ತಿತ್ತು. ಎಷ್ಟು ಸಲ ಊದಿದರೂ ಅಷ್ಟೇ.

"ಬಿಡ್ರಿ ಅಜ್ಜಾರ, ಮಷಿನ್‌ನ್ಯಾಗ ಸರಿ ಮಾಡ್ತೇನಿ," ಎಂದರು ಸ್ಟುಡಿಯೋದವರು.

ಚಾಚಾ ಗೋಡೆಗೆ ಒರಗಿ ಕುಳಿತಿದ್ದರು. "ಬ್ಯಾಡೋ ತಮ್ಮಾ, ಇರಲಿ. ಮುದುಕರು ಊದಿದ್ದು ಮುದುಕರು ಊದಿಧಾಂಗs ಕೇಳಲಿ."

ಜನ ಆ ರೆಕಾರ್ಡನ್ನು ಮೆಚ್ಚಿದರು. ಪೆನ್‌ಡ್ರೈವಿಗೆ, ಮೊಬೈಲಿಗೆ ಹಾಕಿಕೊಂಡು ಊರೂರಿಗೆ ಒಯ್ದರು. ಒಂದು ದಿನ ಚಾಚಾ ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದಾಗ, ಕಮತಗಿಯ ಮದುವೆ ಮುಗಿಸಿ ಬಂದ ನೆರೆಯವರೊಬ್ಬರು ಸಂಭ್ರಮದಿಂದ ಕೂಗಿ ಹೇಳಿದರು:

"ಚಾಚಾ, ಮೆರವಣಿಗ್ಯಾಗ ಡಿಜೆದಾಂವ ನಿಮ್ಮ ಹಾಡs ಹಾಕಿದ್ದ!"

"ಹೌದ? ಮಂದಿ ಕುಣಿದ್ರೇನು?"

"ಭಾಳ ಕುಣಿದ್ರರಿ!"

ಚಾಚಾ ನಕ್ಕರು. ನೆರೆಯವರು ಹೋದ ಮೇಲೆ ನನ್ನ ಕಡೆ ನೋಡದೆಯೇ ಹೇಳಿದರು: "ಕಮತಗಿಯವರು ಪ್ರತಿ ಸಲ ನಮ್ಮನ್ನs ಕರೀತಿದ್ರು. ಈಗ ಯಾಕ ಕರೀಬೇಕು, ಹೇಳು..."

ಮುಂದೆ ಯಾರೂ ಕರೆಯಲೂ ಇಲ್ಲ. ಆ ಕೆಂಪು ಕೋಟುಗಳನ್ನು ತೊಟ್ಟು ಅವರು ಬೀದಿಯಲ್ಲಿ ಒಮ್ಮೆಯೂ ನಡೆಯಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಚಾಚಾ ಹೋದರು. ಉಳಿದವರೂ ಒಬ್ಬೊಬ್ಬರಾಗಿ...

ಈ ತಿಂಗಳು ನನ್ನ ಮಗಳ ಮದುವೆ. ಬ್ಯಾಂಡನ್ನೇ ತರಿಸಬೇಕೆಂದು ಹುನಗುಂದದವರೆಗೂ ವಿಚಾರಿಸಿದೆ, ಸಿಗಲಿಲ್ಲ. ಚಾಚಾನ ಕಂಪನಿಯಲ್ಲಿ ಈಗ ಉಳಿದಿರುವುದು ಕ್ಲಾರಿನೆಟ್ಟಿನವರು ಮಾತ್ರ. ನಿನ್ನೆ ಅವರ ಮನೆಗೆ ಹೋಗಿ ಕೇಳಿದೆ.

"ನಾ ಒಬ್ಬಾಂವ ಬಂದು ಏನ್ ಊದ್ಲಿ ತಂಗಿ? ಉಳಿದವರು ಎಲ್ಲಿ ಅಂತ ಕಿವಿ ಹುಡುಕತಾವ," ಎಂದರು.

"ಊಟಕ್ಕರ ಬರ್ರಿ," ಎಂದೆ.

"ಬರ್ತೇನಿ," ಎಂದರು.