ಎಕ್ಸ್‌ಟ್ರಾನೋ, ಎಕ್ಸೆಸ್ಸೋ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕತ್ತೆ ನಾನೇ. ಕನ್ಯಾ ನೋಡಲು ಲಕ್ಷ್ಮೇಶ್ವರಕ್ಕೆ ಹೋದವನು ಅವಲಕ್ಕಿ ತಿಂದು, ಚಹಾ ಕುಡಿದು, ನೆಲ ನೋಡುತ್ತ ಕೂತಿದ್ದರೆ ಸಾಕಿತ್ತು. ನಾನು ಹುಡುಗಿಯ ಕಾಕಾನ ನಕಲು ಮಾಡಿ ತೋರಿಸಿದೆ.

ನಕಲು ನನ್ನ ಚಟವೂ ಹೌದು, ಹೊಟ್ಟೆಪಾಡೂ ಹೌದು. ಗದಗ-ಬೆಟಗೇರಿಯ ಓಣಿಗಳಲ್ಲಿ ಆಟೋದ ಮೈಕಿನಿಂದ ಸೀರೆ ಅಂಗಡಿಗೆ, ಹಲ್ಲಿನ ದವಾಖಾನೆಗೆ ಜನರನ್ನು ಕರೆಯುವ ದನಿ ನನ್ನದೇ. ಆ ಕಾಕಾ ಪ್ರತಿ ಮಾತಿಗೂ ಮುಂಚೆ ಗಂಟಲು ಕೆರೆದು 'ಅಂದ್ರ ಏನಂದ್ರಪಾ' ಎನ್ನುತ್ತಿದ್ದ. ಅವನು ಒಳಗೆ ಹೋದದ್ದೇ ತಡ, ನಾನೂ ಕೆರೆದೆ. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು, ಅದನ್ನು ಕಣ್ಣಾರೆ ಕಂಡೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ನಕಲಿನಲ್ಲಿ ಬಸ್ಸಿನ ಕಂಡಕ್ಟರ್ ಬಂದ, ನಮ್ಮಪ್ಪ ಸೀನಿದ, ಕಡೆಗೆ ಚಹಾದ ತಟ್ಟೆ ಹಿಡಿದು ಬಂದ ಆಕೆಯದೇ ನಡಿಗೆ, ಆಕೆಯದೇ ದನಿ. ಆಗ ಯಾರು ನಕ್ಕರೋ ನೋಡಲಿಲ್ಲ. ನನ್ನ ನಗೆಯೇ ನನಗೆ ಜೋರಾಗಿ ಕೇಳುತ್ತಿತ್ತು.

ಹುಡುಗಿ ಅಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಆಕೆ ನನ್ನ ಮನಸ್ಸಿಗೆ ಬಂದಿದ್ದಳು. ಮನೆಗೆ ಬಂದ ಮೇಲೆ ನಾನು ಯಾರನ್ನೂ ಅಣಕಿಸುತ್ತಿಲ್ಲವೆಂದು ಅವ್ವ ಹಣೆ ಮುಟ್ಟಿ ಜ್ವರ ನೋಡಿದಳು ಎಂದರೆ ನೀವೇ ತಿಳಿದುಕೊಳ್ಳಿ.

ಈ ಸಂಬಂಧ ತಂದವಳು ಮುಂಡರಗಿಯ ಅತ್ತೆ, ಅಪ್ಪನ ತಂಗಿ. ಉತ್ತರವನ್ನೂ ಅವಳೇ ತಂದಳು. ಬಂದವಳು ನನ್ನ ಮುಖ ನೋಡದೆ ನೀರು ಕುಡಿದಳು. ಅಲ್ಲೇ ನನಗೆ ಸಂಶಯ ಹತ್ತಿತು.

"ಹುಡುಗ ಎಕ್ಸ್ ಏನೋ ಅದಾನ ಅಂದ್ಳಪಾ," ಎಂದಳು. "ನಕ್ಕೋತನ ಅಂದ್ಳು. ಹೌದೋ ಅಲ್ಲೋ ಅಂತ ತಿಳಿಲಿಲ್ಲ. ತಿರಗಿ ಕೇಳಿದ್ರ ಈಕಿಗೆ ಇಂಗ್ಲಿಷ್ ಬರಂಗಿಲ್ಲ ಅಂತಾರ, ಹೂಂ ಅಂದು ಬಂದೆ."

ಮನೆಯಲ್ಲಿ ಪಂಚಾಯಿತಿ ಸೇರಿತು. ಎಕ್ಸರೇ ತೆಗೆಸಿಕೊಂಡು ಬಾ ಅಂದಿರಬೇಕು, ಈಗಿನವರು ಎಲ್ಲ ಪರೀಕ್ಷೆ ಮಾಡಿಸುತ್ತಾರೆ ಎಂದು ಅಪ್ಪ. ಕಾಲೇಜಿಗೆ ಹೋಗುವ ತಂಗಿ ಮೊಬೈಲಿನಿಂದ ತಲೆ ಎತ್ತದೆ, ಎಕ್ಸ್ ಎಂದರೆ ಹಳೇ ಲವರ್ ಎಂದು ಹೇಳಿ ಸುಮ್ಮನಾದಳು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ನನ್ನನ್ನು ನೋಡಿದ ರೀತಿ ಇದೆಯಲ್ಲ, ಅದನ್ನು ನಕಲು ಮಾಡಲು ನನಗಿನ್ನೂ ಬಂದಿಲ್ಲ. ಅವ್ವನಿಗೆ ನನ್ನ ಮೇಲೆ ಸಂಶಯ, ಹುಡುಗಿಗೆ ಏನು ಹೇಳಿದ್ದಾರೋ ಎಂದು ನನಗೆ ನನ್ನ ಗೆಳೆಯರ ಮೇಲೆ, ಎಲ್ಲ ಗೊತ್ತಿದ್ದೂ ಮುಚ್ಚಿಡುತ್ತಿದ್ದಾಳೆಂದು ಅತ್ತೆಯ ಮೇಲೆ.

ಎಕ್ಸಲೆಂಟ್ ಅಂದಿರಬಹುದಲ್ಲ ಎಂದೆ. ಅಷ್ಟು ಉದ್ದ ಇರಲಿಲ್ಲಪಾ ಎಂದಳು ಅತ್ತೆ. ಹಾಗಾದರೆ ಉಳಿದದ್ದು ಎಕ್ಸ್‌ಟ್ರಾ, ಇಲ್ಲವೇ ಎಕ್ಸೆಸ್. ಮೊಬೈಲಿನ ನಿಘಂಟು ತೆರೆದೆ. ಎರಡಕ್ಕೂ 'ಹೆಚ್ಚುವರಿ' ಎಂದಿತ್ತು. ನಿಘಂಟಿನ ಮೇಲೂ ಸಂಶಯ ಬಂತು. ಹೆಚ್ಚುವರಿ ಜಿಲ್ಲಾಧಿಕಾರಿಗೆ ಕಾರು ಕೊಡುತ್ತಾರೆ, ಹೆಚ್ಚುವರಿ ಶಿಕ್ಷಕನಿಗೆ ವರ್ಗಾವಣೆ ಕೊಡುತ್ತಾರೆ. ನಾನು ಯಾವ ಹೆಚ್ಚುವರಿ?

ಎಕ್ಸ್‌ಟ್ರಾ ಆದರೆ ಆಸೆಯಿತ್ತು. ಶಿರಹಟ್ಟಿಗೆ ಎಕ್ಸ್‌ಟ್ರಾ ಬಸ್ಸು ಬಿಟ್ಟರೆ ಜನ ಓಡಿ ಹೋಗಿ ಹತ್ತುತ್ತಾರೆ. ಮಿರ್ಚಿ ಅಂಗಡಿಯಲ್ಲಿ ಉಳ್ಳಾಗಡ್ಡಿ ಎಕ್ಸ್‌ಟ್ರಾ ಕೇಳದವನು ನಮ್ಮೂರಲ್ಲಿ ಯಾರಿದ್ದಾನೆ? ಆದರೆ 'ಎಕ್ಸ್‌ಟ್ರಾ ಮಾತಾಡಬ್ಯಾಡ' ಎಂದು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದೂ ನನ್ನನ್ನೇ. ಎಕ್ಸೆಸ್ ಎಂಬುದನ್ನು ಮಾತ್ರ ಯಾರೂ ಓಡಿ ಹೋಗಿ ಹತ್ತಿದ್ದು ನೋಡಿಲ್ಲ.

ತಡೆಯಲಾಗಲಿಲ್ಲ. ಅತ್ತೆಯ ಫೋನು ಕಸಿದುಕೊಂಡು ಹುಡುಗಿಗೆ ಹಚ್ಚಿದೆ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ನನಗೆ ಹೇಳದ ಖರೆ ಮಾತನ್ನು ತನ್ನ ಕಾಕಾನಿಗಾದರೂ ಹೇಳಿಯಾಳು ಎಂದು ಅವನಂತೆಯೇ ಗಂಟಲು ಕೆರೆದೆ.

"ಅಂದ್ರ ಏನಂದ್ರವಾ, ಆ ಬೆಟಗೇರಿ ಹುಡುಗಗ ನೀ ಏನಂದಿದ್ದಿ?"

ನಕಲು ಚೆನ್ನಾಗಿ ಬಂತೆಂದು ನಾನು ಹುಬ್ಬು ಹಾರಿಸಿ ತಂಗಿಯತ್ತ ನೋಡಿದೆ.

"ಕಾಕಾ ಇಲ್ಲೇ ನನ್ನ ಬಾಜೂಕ ಕುಂತು ಚಹಾ ಕುಡಿಯಾಕತ್ತಾನ್ರಿ," ಎಂದಳು ಆಕೆ.

ಅದರ ಹಿಂದೆಯೇ ಅಸಲಿ ಕಾಕಾ ಗಂಟಲು ಕೆರೆದದ್ದು ನಮ್ಮ ಅಡುಗೆಮನೆಯವರೆಗೂ ಕೇಳಿತು. ಅಪ್ಪ ಎದ್ದು ಹೊರಗೆ ಹೋದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಅದೂ ಸಂಶಯವೇ.

ಇನ್ನು ಮುಚ್ಚಿಡುವುದೇನಿದೆ ಎಂದು ನನ್ನದೇ ದನಿಯಲ್ಲಿ ಕೇಳಿದೆ. ಬಹಳ ದಿನ ಬಳಸದ ದನಿ, ಸಣ್ಣಗೆ ಬಂತು. ತಪ್ಪಾಯಿತೆಂದೆ. ನೀವು ಅಂದದ್ದು ಎಕ್ಸ್‌ಟ್ರಾ ಅಂತಲೋ ಎಕ್ಸೆಸ್ ಅಂತಲೋ, ಅಷ್ಟು ಹೇಳಿಬಿಡಿ ಎಂದೆ.

ಆಕೆ ಸಿಟ್ಟಾಗಲಿಲ್ಲ. ಮಕ್ಕಳಿಗೆ ಪಾಠ ಹೇಳುವವಳಂತೆ ನಿಧಾನವಾಗಿ ಹೇಳಿದಳು:

"ಎಕ್ಸ್‌ಟ್ರಾ ಆಗಿದ್ರ ಯಾವಾಗರ ಉಪಯೋಗಕ್ಕ ಬರ್ತೀರಿ ಅಂತ ಒಪ್ಕೊಂತಿದ್ದೆರಿ. ನಾ ಅಂದದ್ದು ಎಕ್ಸೆಸ್."