ನಳದೊಳಗಿನ ತೊಗಲು

ಅದು ಒಂದಾಣೆ ಬಿಲ್ಲೆಗಿಂತ ಸಣ್ಣದು. ಕಪ್ಪಗೆ, ಒದ್ದೆಯಾಗಿತ್ತು. ಒಂದು ಅಂಚು ಮಾತ್ರ ಸವೆದು ತೆಳ್ಳಗಾಗಿತ್ತು. ನಡುವೆ ಒಂದು ತೂತು. ನಳ ಕೂಡಿಸುವ ಮಿಸ್ತ್ರಿ ಅದನ್ನು ಅಂಗೈ ಮೇಲಿಟ್ಟುಕೊಂಡು, ಬಚ್ಚಲ ಬಾಗಿಲಲ್ಲಿ ನಿಂತಿದ್ದ ನನ್ನ ಸೋದರತ್ತೆಗೆ ತೋರಿಸಿದರು.

"ಇದ ನೋಡ್ರಿ ಅವ್ವಾರ, ಸವದ ಹೋಗೈತಿ. ಅದಕ್ಕ ನಳ ಸೋರಾಕತ್ತೈತಿ."

"ಏನ ಅದು?"

"ತೊಗಲ್ರಿ."

ಅತ್ತೆ ನನ್ನ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮೂರು ದಿನದ ಹಿಂದೆ ಅದೇ ಬಾಗಿಲಲ್ಲಿ ನಿಂತು ಅವರು ಒಂದೇ ಒಂದು ಮಾತು ಕೇಳಿದ್ದರು. ನಾನು ಸುಳ್ಳು ಹೇಳಿದ್ದೆ.

ಆಗ ಯುದ್ಧ ನಡೆದಿತ್ತು. ಧಾರವಾಡದಲ್ಲಿ ಕಾಲೇಜು ಮುಗಿಸಿದ ನನಗೆ ವಿಜಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ನಮ್ಮದು ಬಬಲೇಶ್ವರ. ದೂರವೇನಲ್ಲ, ಆದರೆ ದಿನಾ ಹೋಗಿಬರುವ ಹಾದಿಯೂ ಅಲ್ಲ. ಅಪ್ಪ ಬಹಳ ಯೋಚಿಸಿ, ಒಂದು ಷರತ್ತಿನ ಮೇಲೆ ಒಪ್ಪಿದ್ದರು.

"ಟಿಕೋಟಾದಿಂದ ನಿಮ್ಮತ್ತಿ ಬಂದು ಜೋಡಿ ಇದ್ದರ ನೀ ಇರು. ಆಕಿಗೆ ಒಗ್ಗಲಿಲ್ಲಂದ್ರ ನೀನೂ ಗಂಟು ಕಟ್ಟು. ಒಬ್ಬಾಕಿನ್ನ ಬಿಟ್ಟ ನಾ ಊರಾಗ ತಲಿ ಎತ್ತಿ ತಿರಗಾಕ ಆಗೂದಿಲ್ಲ."

ಅಪ್ಪ ಆಡಿದ ಮಾತು ಬದಲಿಸುವವರಲ್ಲ. ಹೀಗಾಗಿ ಅತ್ತೆಗೆ ಒಗ್ಗುವಂಥ ಮನೆ ಹೂಡುವುದೇ ನನ್ನ ನೌಕರಿಯ ಮೊದಲ ಕೆಲಸವಾಯಿತು.

ಸ್ಟೇಷನ್ ರಸ್ತೆಯ ಅಂಗಡಿಗಳ ಹಿಂದಿನ ಓಣಿಯಲ್ಲಿ, ಕಾಳಿನ ವ್ಯಾಪಾರಿಯೊಬ್ಬರ ಮನೆಯ ಹಿಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದೆ. ಇಬ್ರಾಹಿಂಪುರದಿಂದ ಒಂದು ಬಂಡಿ ಜಾಲಿ ಕಟ್ಟಿಗೆ ತರಿಸಿದೆ. ಅರ್ಧ ಹಸಿಯಿತ್ತು, ಒಣಗಿದ್ದನ್ನೂ ಹಸಿಯದನ್ನೂ ಬೇರೆ ಬೇರೆ ಒಟ್ಟಿದೆ. ಚಿಮಣಿ ಎಣ್ಣೆ ಸಿಗಲು ಚೀಟಿ ಬೇಕಿತ್ತು. ಅದಕ್ಕಾಗಿ ಎರಡು ದಿನ ಸರದಿಯಲ್ಲಿ ನಿಂತೆ. ವಿದ್ಯುದ್ದೀಪದ ತಂತಿ ದೊಡ್ಡ ರಸ್ತೆಗೆ ಬಂದಿತ್ತು, ನಮ್ಮ ಓಣಿಯೊಳಗೆ ತಿರುಗಿರಲಿಲ್ಲ. ಅದರ ಆಸೆ ಬಿಟ್ಟು ಎರಡು ಕಂದೀಲು ಕೊಂಡೆ.

ಉಳಿದದ್ದು ನೀರು. ಹತ್ತಿರದ ಬಾವಡಿಗೆ ಇಳಿಯಲು ಕಡಿದಾದ ಮೆಟ್ಟಿಲುಗಳು. ಅತ್ತೆಯ ಮೊಣಕಾಲಿಗೆ ಆಗದ ಮಾತು. ಆದರೆ ನಮ್ಮ ಬಚ್ಚಲಲ್ಲಿ ಒಂದು ಹಳೆಯ ನಳವಿತ್ತು. ಹಿಂದಿನ ಬಾಡಿಗೆಯವರು ಹೋದ ಮೇಲೆ ಅದಕ್ಕೆ ನೀರು ನಿಲ್ಲಿಸಿದ್ದರು. ಮತ್ತೆ ಬಿಡಿಸಲು ಅರ್ಜಿ ಹಿಡಿದು ನೀರಿನ ಕಚೇರಿಗೆ ಹೋದೆ.

ಕಾರಕೂನರು ಲೇಖನಿ ಎತ್ತಿ, "ಯಜಮಾನ್ರ ಹೆಸರ ಹೇಳ್ರಿ ಬಾಯಾರ," ಎಂದರು.

"ಬಾಡಿಗಿ ಹಿಡದಾಕಿ ನಾನರಿ. ನನ್ನ ಹೆಸರ ಬರೀರಿ."

"ಅದನ್ನೂ ಬರೀತೇನ್ರಿ. ಯಜಮಾನ್ರದು?"

"ಇಲ್ರಿ."

ಅವರು ಲೇಖನಿ ಕೆಳಗಿಟ್ಟರು. "ಛೇ ಛೇ. ಇಷ್ಟ ಸಣ್ಣ ವಯಸ್ಸಿನಾಗ…"

"ಇನ್ನೂ ಲಗ್ನಾನ ಆಗಿಲ್ರಿ," ಎಂದೆ.

ಪಕ್ಕದ ಮೇಜಿನವರು ಗೊಳ್ಳೆಂದು ನಕ್ಕರು. ಕಾರಕೂನರ ಕಿವಿ ಕೆಂಪಾಯಿತು. ಆ ಮುಜುಗರಕ್ಕೋ ಏನೋ, ನನ್ನ ಅರ್ಜಿ ಅಂದೇ ಮುಂದೆ ಸರಿಯಿತು. ಎರಡು ದಿನ ಬಿಟ್ಟು, ನಸುಕಿನಲ್ಲಿ ನಳ ಮೊದಲು ಕೆಮ್ಮಿತು, ಆಮೇಲೆ ತುಕ್ಕಿನ ನೀರು ಉಗುಳಿತು, ಕೊನೆಗೆ ತಿಳಿಯಾಯಿತು. ದಿನಕ್ಕೆ ಅದೊಂದೇ ತಾಸು ನೀರು. ಮನೆಯೊಳಗೆ ಬರುವ ನೀರಿನ ಸದ್ದು ನಾನು ಹುಟ್ಟಿದ ಮನೆಯಲ್ಲಿ ಕೇಳಿರಲಿಲ್ಲ. ಹಂಡೆ ತುಂಬಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಅತ್ತೆ, ಪೆಟ್ರೋಲ್ ಸಿಗದ್ದಕ್ಕೆ ಇದ್ದಲಿ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಬಂದರು. ಸೆರಗಿಗೆಲ್ಲ ಮಸಿ, ತೊಡೆಯ ಮೇಲೆ ಪೂಜೆಯ ಹಿತ್ತಾಳೆ ಚೆಂಬು. ಗಂಡ ತೀರಿದ ಮೇಲೆ ಅವರು ಟಿಕೋಟಾದಲ್ಲಿ ಮೈದುನರ ಮನೆಯಲ್ಲಿದ್ದರು. ಅಲ್ಲಿ ಲಿಂಗಪೂಜೆಯ ನೀರನ್ನೂ ತಾವೇ ಸೇದಿ ತರುತ್ತಿದ್ದರು. ಪೂಜೆಯಾಗದೆ ಬಾಯಿಗೆ ಹನಿ ಬಿಡುವವರಲ್ಲ. ಮರುದಿನ ನಸುಕಿನಲ್ಲಿ ನಾನು ನಳ ತಿರುವಿದಾಗ ಬಾಗಿಲಲ್ಲಿ ನಿಂತು ಕೇಳಿದರು:

"ಇದರಾಗ ತೊಗಲ ಇರತೈತಿ ಅಂತಾರ. ಖರೇ ಏನ?"

"ಇಲ್ಲತ್ತಿ. ಬರೇ ಹಿತ್ತಾಳಿ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು, ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ಇರಬಾರದೆಂದು ಬಯಸಿದ್ದನ್ನೇ ಇಲ್ಲ ಎಂದುಬಿಟ್ಟೆ. ಅತ್ತೆ ಚೆಂಬು ಹಿಡಿದರು. ಮೂರು ದಿನ ಆ ನೀರಿನಲ್ಲೇ ಪೂಜೆ ನಡೆಯಿತು. ನಾಲ್ಕನೆಯ ದಿನ ತಿರುಪು ಎಷ್ಟು ಬಿಗಿದರೂ ನಳ ಸೋರತೊಡಗಿತು. ನೀರಿನ ತಾಸು ಮುಗಿದ ಮೇಲೆ, ಅತ್ತೆ ಪೂಜೆಗೆ ಕೂರುವ ಮೊದಲೇ, ಇಬ್ರಾಹಿಂಪುರದ ಮಿಸ್ತ್ರಿಯನ್ನು ಕರೆಸಿದೆ. ಅವರು ನಳ ಬಿಚ್ಚಿದರು.

"ಎಲ್ಲಾ ನಳದಾಗೂ ಇದ ಇರತೈತ್ರಿ ಅವ್ವಾರ," ಎಂದರು ಅವರು, ಅತ್ತೆಯ ಮುಖ ನೋಡಿ. "ನಿಮ್ಮೂರಾಗ ಬಾವ್ಯಾಗಿಂದ ಎತ್ತು ಕಟ್ಟಿ ನೀರ ಎತ್ತತಾರಲ್ರಿ, ಆ ಬಾನಿನೂ ತೊಗಲಿಂದ ಅಲ್ಲೇನ್ರಿ?"

"ಅದು ಜ್ವಾಳಕ್ಕ ಯಪ್ಪಾ. ಜ್ವಾಳ ಲಿಂಗಪೂಜಿ ಮಾಡತೈತೇನ?"

ಅತ್ತೆ ಒಳಗೆ ಹೋಗಿ ತಮ್ಮ ಎರಡು ಸೀರೆಗಳನ್ನು ಮಡಚತೊಡಗಿದರು. "ನಾಳೆ ಮುಂಜಾನಿ ಬಸ್ಸಿಗೆ ಹೊಂಟೇನಿ. ಇವತ್ತ ನನಗ ಪೂಜಿನೂ ಇಲ್ಲ, ಊಟಾನೂ ಇಲ್ಲ."

"ಅತ್ತಿ, ಬಾವಡಿ ನೀರ ದಿನಾ ನಾನ ತರತೇನಿ. ಈಗ ಹೋಗಿ ತರಲ್ಯಾ?"

"ನೀ ತಂದದ್ದು ಬಾವಡಿದ ಅಂತ ನಾ ಹೆಂಗ ನಂಬಲಿ?"

ಮಿಸ್ತ್ರಿ ತಮ್ಮ ಹತಾರ ಎತ್ತಿಕೊಂಡು ಹೊರಟರು.

ಓಣಿಯ ಬಾಯಿಯವರೆಗೆ ಮಿಸ್ತ್ರಿಯ ಹಿಂದೆಯೇ ಹೋದೆ. ತೊಗಲಿಲ್ಲದ ನಳವೇ ಇಲ್ಲವೇ ಎಂದು ಕೇಳಿದೆ. ಅವರು ಸೈಕಲ್ಲಿಗೆ ಒರಗಿ ಯೋಚಿಸಿದರು.

"ತೊಗಲಿನ ಬದ್ಲಿ ರಬ್ಬರ ಹಾಕಬೌದ್ರಿ ಅಕ್ಕೋರ. ಆದ್ರ ಈಗ ರಬ್ಬರ ಎಲ್ಲಿ ಐತಿ? ಎಲ್ಲಾ ಲಡಾಯಿಗೆ ಹೋಗೈತಿ." ಮಾತು ನಿಲ್ಲಿಸಿ ತಮ್ಮ ಸೈಕಲ್ಲಿನ ಹಿಂದಿನ ಗಾಲಿಯನ್ನೇ ನೋಡಿದರು. "ನೋಡೂಣು. ಸಂಜಿಕ ಬರತೇನಿ."

ಶಾಲೆಯಿಂದ ಬಂದು ನನ್ನ ಟ್ರಂಕಿನಲ್ಲಿ ಪುಸ್ತಕ, ಬಟ್ಟೆ ತುಂಬಿ, ಹಗ್ಗ ಬಿಗಿದಿಟ್ಟೆ. ಅಪ್ಪನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿದೆ. ಯಾವ ವಾಕ್ಯವೂ ಸರಿಹೋಗಲಿಲ್ಲ. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ತುಟಿ ಒಣಗಿದ್ದವು.

ದೀಪ ಹಚ್ಚುವ ಮುಂಚೆಯೇ ಮಿಸ್ತ್ರಿ ಬಂದರು. ತಮ್ಮ ಸೈಕಲ್ಲಿನ ಹಳೆಯ ಟ್ಯೂಬಿನಿಂದ ಎರಡು ಬೆರಳಗಲದ ತುಂಡು ಕತ್ತರಿಸಿ ತಂದಿದ್ದರು.

"ಅದ್ಯಾವ ದನದ್ದು?" ಎಂದರು ಅತ್ತೆ, ಎದ್ದು ಬಂದು.

"ದನದ್ದಲ್ರಿ ಅವ್ವಾರ. ಗಿಡದ್ದು. ಗಿಡದ ಹಾಲ ಗಟ್ಟಿ ಮಾಡಿದ್ದು."

ಅತ್ತೆ ಆ ದಿನ ಮೊದಲ ಬಾರಿ ನನ್ನ ಮುಖ ನೋಡಿದರು. "ಖರೇನ?"

ನಾನು ಈ ಸಲ ಅವಸರ ಮಾಡಲಿಲ್ಲ. "ಪುಸ್ತಕದಾಗ ಓದೇನಿ. ಗಿಡದ ತೊಗಟಿ ಕೊಯ್ದರ ಹಾಲ ಇಳೀತೈತಂತ, ಅದನ್ನ ಹೆಪ್ಪ ಹಾಕಿ ಮಾಡತಾರಂತ. ನಾ ಕಣ್ಣಾರೆ ನೋಡಿಲ್ಲ ಅತ್ತಿ. ಆ ಗಿಡ ನಮ್ಮ ಕಡೆ ಬೆಳೆಯೂದಿಲ್ಲ."

"ಕಳ್ಳಿ ಹಾಲಿನಂಗ?"

"ಹಂಗ."

"ಇಷ್ಟ ತಿಳಕೊಳ್ಳಾಕ ಧಾರವಾಡಕ್ಕ ಹೋಗಬೇಕಾತೇನವಾ ನಿನಗ?" ಎಂದು ಕೈ ಚಾಚಿ ಆ ತುಂಡನ್ನು ಇಸಿದುಕೊಂಡರು. ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಬೂದಿ ಹಚ್ಚಿ ತಿಕ್ಕಿದರು.

"ಹಾಕೂಕಿಂತ ಮದ್ಲ ಸವಸಬ್ಯಾಡ್ರಿ," ಎಂದರು ಮಿಸ್ತ್ರಿ.

ಅವರು ಅದನ್ನು ದುಂಡಗೆ ಕತ್ತರಿಸಿ ಒಳಗೆ ಕೂಡಿಸುವವರೆಗೂ ಅತ್ತೆ ಕಣ್ಣು ತೆಗೆಯಲಿಲ್ಲ. ಮಿಸ್ತ್ರಿ ಹೋದ ಮೇಲೆ ನಳದ ಕಡೆಗೇ ನೋಡುತ್ತ ಹೇಳಿದರು:

"ಅವತ್ತ ನೀ 'ಇಲ್ಲ' ಅಂದಾಗ ನಿನ್ನ ದನಿಯಾಗ ನನಗ ಅನುಮಾನ ಬಂದಿತ್ತು. ನಾ ಇನ್ನೊಮ್ಮಿ ಕೇಳಲಿಲ್ಲ. ಟಿಕೋಟಾದಾಗ ದಿನಾ ಹನ್ನೆರಡು ಕೊಡ ನಾನ ಹೊರಬೇಕು. ಇಲ್ಲಿ ತಿರುವಿದರ ಬರತೈತಿ. ಕೇಳಿದರ ಎಲ್ಲಿ ಹೌದ ಅಂತೀಯೋ ಅಂತ ಸುಮ್ಮನಾದೆ. ಆ ಮೂರು ದಿನದ ಪಾಪದಾಗ ಅರ್ಧಾ ನಂದು."

ಇರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಅವರ ಗಂಟು ಬಾಗಿಲ ಬಳಿಯೇ ಇತ್ತು, ನನ್ನ ಟ್ರಂಕು ಅದರ ಪಕ್ಕ.

ಮರುದಿನ ನಸುಕಿನಲ್ಲಿ ನಾನು ಎದ್ದು ಬಚ್ಚಲಿಗೆ ಬಂದೆ, ಆದರೆ ನಳ ಮುಟ್ಟಲಿಲ್ಲ. ಅತ್ತೆ ಮಿಂದು, ಚೆಂಬು ಹಿಡಿದು ಬಂದರು. ವಿಭೂತಿಯಲ್ಲಿ ಮೂರು ಬೆರಳು ಅದ್ದಿ ನಳಕ್ಕೆ ಎಳೆದರು. ತಾವೇ ತಿರುವಿದರು. ಮೊದಲ ನೀರು ಹರಿದುಹೋಗಲು ಬಿಟ್ಟು, ಚೆಂಬು ತುಂಬಿಕೊಂಡು ಒಳಗೆ ಹೋದರು. ಪೂಜೆ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತು ಮೀರಿತ್ತು.

"ಒಲಿ ಹಚ್ಚು," ಎಂದರು ಒಳಗಿನಿಂದ. "ಒಣಾ ಕಟ್ಟಿಗಿ ನೋಡಿ ತಗಿ. ನಿನ್ನಿ ಮುಂಜಾನಿಂದ ಹಸದೇನಿ."

ಒಲೆ ಹಚ್ಚಿದೆ. ಆಮೇಲೆ ಟ್ರಂಕಿನ ಹಗ್ಗ ಬಿಚ್ಚಿ, ಬಚ್ಚಲ ಗೋಡೆಯ ಗೂಟದಿಂದ ಅಂಗಳದ ಬೇವಿನ ಗಿಡಕ್ಕೆ ಬಿಗಿಯಾಗಿ ಕಟ್ಟಿದೆ. ನೀರು ನಿಲ್ಲುವುದರೊಳಗೆ ಎರಡು ಸೀರೆ ಒಗೆದು, ಅತ್ತೆಯದೊಂದು, ನನ್ನದೊಂದು, ಅದರ ಮೇಲೆ ಹರವಿ ಶಾಲೆಗೆ ಹೊರಟೆ.